ಬಿಸಿ ಹಿಮ

ನಾಲ್ಕನೇ ಸಲ ಹಗ್ಗ ಎಳೆದಾಗ ಯಂತ್ರ ಒಮ್ಮೆ ಕೆಮ್ಮಿತು, ಕರಿಹೊಗೆ ಉಗುಳಿತು, ಮತ್ತೆ ಸುಮ್ಮನಾಯಿತು. ಸುಶಾಂತ್ ಎಡಗಾಲನ್ನು ಅದರ ಕೆಂಪು ಮೈಗೆ ಒತ್ತಿ ಹಿಡಿದು, ಸೊಂಟ ತಿರುವಿ ಇನ್ನೊಮ್ಮೆ ಎಳೆದ. ಹಿಡಿ ಬೆವರಿಗೆ ಜಾರಿ ಕೈತಪ್ಪಿತು. ಹಗ್ಗ ಸರ್ರೆಂದು ಒಳಗೆ ಹೋಗಿ ಸೇರಿಕೊಂಡಿತು.

"ಅದಕ್ಕೂ ಸೆಕೆ ಆಗ್ತಾ ಉಂಟು ಮಾರಾಯ," ಎಂದರು ಪಕೀರಬ್ಬ ಹಾಜಿ. ಗೇಟಿನ ಪಕ್ಕದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರು ಹಾಲಿಲ್ಲದ ಚಾ ಕುಡಿಯುತ್ತಿದ್ದರು. "ಪಾಪ, ಚಳಿ ದೇಶದಲ್ಲಿ ಹುಟ್ಟಿದ್ದು."

"ಪೆಟ್ರೋಲು ಸರಿ ಹತ್ತುತ್ತಾ ಇಲ್ಲ ಹಾಜಿಯವರೇ. ತುಂಬಾ ಸಮಯ ಗೋಡೌನಿನಲ್ಲಿ ಬಿದ್ದಿತ್ತಲ್ಲ."

"ಹತ್ತುವಾಗ ಹತ್ತುತ್ತದೆ. ನೀನು ಸ್ವಲ್ಪ ಕೂತ್ಕೋ. ನಿನ್ನ ಮುಖ ಆ ಯಂತ್ರಕ್ಕಿಂತ ಕೆಂಪಾಗಿದೆ."

ಸುಶಾಂತ್ ಕೂರಲಿಲ್ಲ. ಶುಕ್ರವಾರದ ಅಸರ್ ನಮಾಜು ಮುಗಿದು ಸ್ವಲ್ಪ ಹೊತ್ತಾಗಿತ್ತು. ಬಿಸಿಲು ಬಾಗಿದ್ದರೂ ಅಂಗಳದ ಇಂಟರ್‌ಲಾಕ್ ಕಲ್ಲುಗಳ ಕಾವು ಶೂಗಳ ಅಡಿಯಿಂದ ಏರಿ ಬರುತ್ತಿತ್ತು. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಈ ಗಲ್ಲಿಯಲ್ಲಿ, ಹಾಜಿಯವರ ಪಕ್ಕದ ಹಳೆಯ ವಿಲ್ಲಾವನ್ನು ಕೆಡವಿ ಜಾಗವನ್ನು ಖಾಲಿ ಬಿಟ್ಟಿದ್ದರು. ಆ ವಾರವಿಡೀ ಬೀಸಿದ ಶಮಾಲ್ ಗಾಳಿ ಅಲ್ಲಿನ ಮರಳನ್ನೆಲ್ಲ ಎತ್ತಿ ತಂದು ಇವರ ಅಂಗಳಕ್ಕೆ ಸುರಿದಿತ್ತು. ಗೇಟಿನ ಒಂದು ಬಾಗಿಲು ತೆರೆಯಲಾಗದಂತೆ ಹೂತುಹೋಗಿತ್ತು. ಕಾರು ನಿಲ್ಲಿಸುವಲ್ಲಿ ಮೊಣಕಾಲೆತ್ತರದ ದಿಬ್ಬ ಎದ್ದಿತ್ತು. ಹಾಜಿಯವರ ಹೆಂಡತಿ ಆಯಿಷಮ್ಮ ಇದನ್ನು ಫೋನಿನಲ್ಲಿ ಸುಶಾಂತನ ಹೆಂಡತಿ ಭವ್ಯಶ್ರೀಗೆ ಹೇಳಿ ಗೋಳಾಡಿದ್ದರು. ಭವ್ಯಶ್ರೀ ರಾತ್ರಿ ಊಟಕ್ಕೆ ಬಡಿಸುತ್ತಾ ಅದನ್ನು ಸುಶಾಂತನಿಗೆ ಹೇಳಿದ್ದಳು. ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತ್ತು. "ಎಷ್ಟು ಮರಳು?" ಎಂದು ಅವನು ಕೇಳಿದ ರೀತಿಗೆ ಅವಳು ಹೆದರಿ, "ಯಾಕೆ, ಎಂತಾಯ್ತು?" ಎಂದಿದ್ದಳು.

ಮರುದಿನವೇ ಕಂಪನಿಯ ಪಿಕಪ್ಪಿನಲ್ಲಿ ಎರಡು ಯಂತ್ರಗಳನ್ನು ಹೇರಿಕೊಂಡು, ಮುಂದಿನ ಸೀಟಿನಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು ಅವನು ಇಲ್ಲಿಗೆ ಬಂದಿದ್ದ. ಕರೆಂಟಿನದು ಚಿಕ್ಕದು. ಪೆಟ್ರೋಲಿನದು ದೊಡ್ಡದು. ಈಗ ಕೆಮ್ಮಿ ಸುಮ್ಮನಾದದ್ದು ದೊಡ್ಡದು.

"ಅದು ಏಳುವವರೆಗೆ ಮಾತಾಡುವ," ಎಂದರು ಹಾಜಿಯವರು. "ಇದು ನಿಜವಾಗಿ ಎಂತದ್ದು?"

"ಸ್ನೋ ಬ್ಲೋವರ್. ಹಿಮ ಬೀಳುವ ದೇಶಗಳಲ್ಲಿ ಮನೆ ಎದುರು ರಾಶಿ ಬಿದ್ದ ಹಿಮವನ್ನು ಈ ಬಾಯಿಂದ ಎಳ್ಕೊಂಡು ಈ ಕೊಳವೆಯಿಂದ ದೂರ ಎಸೀತದೆ."

"ಹಿಮ."

"ಹೌದು."

"ಫ್ರೀಜರಿನಲ್ಲಿ ಕಟ್ತದಲ್ಲ, ಆಯಿಷಮ್ಮ ಚೂರಿಯಲ್ಲಿ ಕೆರೆಯುವುದು, ಅದು."

"ಅದೇ. ಆದ್ರೆ ಆಕಾಶದಿಂದ ಬೀಳುವುದು."

ಹಾಜಿಯವರು ತಲೆಯೆತ್ತಿ ಆಕಾಶ ನೋಡಿದರು. ಅದು ತೊಳೆಯದ ಅಲ್ಯುಮಿನಿಯಂ ಪಾತ್ರೆಯ ಬಣ್ಣದಲ್ಲಿತ್ತು. ಅವರು ಚಾದ ಲೋಟವನ್ನು ಕುರ್ಚಿಯ ಕೆಳಗಿಟ್ಟರು.

ಹಿಮದ ಯಂತ್ರಗಳು ದೋಹಾಕ್ಕೆ ಹೇಗೆ ಬಂದವು ಎಂಬುದನ್ನು ಸುಶಾಂತ್ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಎಲ್ಲೋ ಉತ್ತರದ ದೇಶದಲ್ಲಿ ದಿವಾಳಿಯೆದ್ದ ಅಂಗಡಿಯೊಂದರ ಮಾಲು ಅಗ್ಗಕ್ಕೆ ಸಿಗುತ್ತದೆಂದು ಕಂಪನಿಯ ಮ್ಯಾನೇಜರ್ ಕಂಟೇನರುಗಟ್ಟಲೆ ತರಿಸಿಬಿಟ್ಟಿದ್ದ. ಆಫೀಸಿನಲ್ಲಿ ಎಲ್ಲರೂ ಅವನನ್ನು ಮುದೀರ್ ಎಂದು ಕರೆಯುತ್ತಿದ್ದರು. ಮಾಲು ತರಿಸುವ ಮೊದಲು ಅವನು ಎಲ್ಲರನ್ನೂ ಕೂರಿಸಿ ಗೋಡೆಯ ಮೇಲೆ ಒಂದು ವಿಡಿಯೋ ತೋರಿಸಿದ್ದ. ಕೆಂಪು ಕೆನ್ನೆಯ ಮನುಷ್ಯನೊಬ್ಬ ಬಿಳಿ ಬೆಟ್ಟವನ್ನು ಸೀಳಿಕೊಂಡು ಹೋಗುತ್ತಿದ್ದ, ಹಿಮ ಕಾರಂಜಿಯ ಹಾಗೆ ಒಂದು ಪಕ್ಕಕ್ಕೆ ಹಾರುತ್ತಿತ್ತು. "ಮರಳು ಅಂದರೆ ಏನು?" ಎಂದು ಮುದೀರ್ ಕೇಳಿದ. ತಾನೇ ಉತ್ತರಿಸಿದ. "ಮರಳು ಅಂದರೆ ಬಿಸಿ ಹಿಮ. ಅಷ್ಟೇ."

ಆ ಕೋಣೆಯಲ್ಲಿ ಮಲಯಾಳಿಗಳಿದ್ದರು, ತಮಿಳರಿದ್ದರು, ನೇಪಾಳದವನೊಬ್ಬ, ಈಜಿಪ್ಟಿನ ಅಕೌಂಟೆಂಟ್ ಒಬ್ಬ. ಪ್ರತಿಯೊಬ್ಬನಿಗೂ ಇದು ಹುಚ್ಚು ಎಂದು ಗೊತ್ತಿತ್ತು, ಉಳಿದವರಿಗೂ ಗೊತ್ತಿದೆಯೆಂದು ಗೊತ್ತಿತ್ತು. ಆದರೆ ಆ ಆಫೀಸಿನಲ್ಲಿ ಮುದೀರನಿಗೆ 'ಇಲ್ಲ' ಎಂದು ಹೇಳುವ ಕ್ರಮ ಇರಲಿಲ್ಲ. ಆಗದ ಕೆಲಸಕ್ಕೆ ಇನ್ಶಾ ಅಲ್ಲಾಹ್ ಎನ್ನುತ್ತಿದ್ದರು, ಆಗುವ ಕೆಲಸಕ್ಕೂ ಅದನ್ನೇ ಹೇಳುತ್ತಿದ್ದರು, ಕೇಳುವವನಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಎಲ್ಲರೂ ತಲೆಯಾಡಿಸಿದರು. ಸುಶಾಂತ್ ಎದುರಿನ ಸಾಲಿನಲ್ಲಿದ್ದ. ಅವನ ತಲೆ ಉಳಿದವರದ್ದಕ್ಕಿಂತ ಸ್ವಲ್ಪ ಹೆಚ್ಚು ಆಡಿರಬೇಕು. ಆ ವಿಭಾಗ ಅವನ ಹೆಗಲಿಗೇ ಬಿತ್ತು.

ಆಮೇಲೆ ಅವನು ಊರೆಲ್ಲ ಸುತ್ತಿದ್ದ. ಒಬ್ಬ ಕತಾರಿ ಮನೆಮಾಲೀಕ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಇವನಿಗೆ ಖರ್ಜೂರ ಕೊಟ್ಟು ಕಳಿಸಿದ. ಕಟ್ಟಡಗಳ ಮೇಂಟೆನೆನ್ಸ್ ನೋಡುವ ಮಲಯಾಳಿಯೊಬ್ಬ, "ಇದರ ಬೆಲೆಗೆ ಎಷ್ಟು ಪೊರಕೆ ಬರುತ್ತದೆ ಹೇಳು," ಎಂದ. ಕಳೆದ ಮೀಟಿಂಗಿನಲ್ಲಿ ಮುದೀರ್ ಕೊನೆಯ ಮಾತು ಹೇಳಿದ್ದ. ಭಾನುವಾರ ಬೆಳಿಗ್ಗೆ ಆಫೀಸು ತೆರೆಯುವಾಗ ತನ್ನ ಫೋನಿನಲ್ಲಿ ಒಂದು ವಿಡಿಯೋ ಇರಬೇಕು. ಒಂದು ಮನೆ, ಒಂದು ಅಂಗಳ. ಮನೆಯ ಯಜಮಾನ ಯಂತ್ರದ ಪಕ್ಕ ನಿಂತು 'ನನ್ನ ಮನೆಗೆ ಇದೇ ಸರಿ' ಎನ್ನಬೇಕು. ವಿಡಿಯೋ ಬಂದರೆ ಸುಶಾಂತ್ ಆ ವಿಭಾಗದ ಇನ್‌ಚಾರ್ಜ್. ಬಾರದಿದ್ದರೆ ವಿಭಾಗ ಖಲಾಸ್, ಅದರ ಜೊತೆ ಅವನೂ ಖಲಾಸ್.

ಕೆಲಸ ಹೋಗುವುದೆಂದರೆ ಸುಶಾಂತನಿಗೆ ಬರೀ ಕೆಲಸ ಹೋಗುವುದಾಗಿರಲಿಲ್ಲ. ಮದುವೆಯಾದ ಮೇಲೆ ಎಷ್ಟೋ ವರ್ಷ ಭವ್ಯಶ್ರೀ ಸುರತ್ಕಲ್ಲಿನಲ್ಲಿ ಅತ್ತೆಯ ಜೊತೆಗಿದ್ದಳು, ಇವನು ಇಲ್ಲಿ ಒಂದರ ಮೇಲೊಂದು ಮಂಚಗಳ ಹುಡುಗರ ಕೋಣೆಯಲ್ಲಿದ್ದ. ಮಗಳು ಗ್ರೀಷ್ಮಾ ಹುಟ್ಟಿದಾಗ ಇವನಿರಲಿಲ್ಲ, ಅವಳು ನಡೆದಾಗಲೂ ಇರಲಿಲ್ಲ. ಮಾತು ಕಲಿತಾಗ ಅವಳು ಮೊಬೈಲನ್ನೇ ಪಪ್ಪಾ ಎಂದು ಕರೆಯುತ್ತಿದ್ದಳು. ಯಾರ ಮೊಬೈಲಾದರೂ ಸರಿ, ಕೈಗೆ ಸಿಕ್ಕಿದರೆ ಅದಕ್ಕೆ ಮುತ್ತು ಕೊಡುತ್ತಿದ್ದಳು. ಮೊನ್ನೆ ಮೊನ್ನೆ ಸೇಲ್ಸಿಗೆ ಬಡ್ತಿ ಸಿಕ್ಕಿ, ಸಂಬಳ ಫ್ಯಾಮಿಲಿ ವೀಸಾದ ಗೆರೆ ದಾಟಿದ ಮೇಲೆ ಅವರಿಬ್ಬರನ್ನೂ ಕರೆಸಿಕೊಂಡಿದ್ದ. ಅಲ್ ಮನ್ಸೂರಾದಲ್ಲಿ ಒಂದು ಹೋಟೆಲಿನ ಮೇಲಿನ ಪುಟ್ಟ ಮನೆ. ಬೆಳಿಗ್ಗೆ ಎದ್ದರೆ ಕೆಳಗಿನಿಂದ ಸಾಂಬಾರಿನ ಪರಿಮಳ, ಪಕ್ಕದಲ್ಲಿ ಮಗಳ ಕಾಲು ಅವನ ಹೊಟ್ಟೆಯ ಮೇಲೆ. ಆ ಕಾಲನ್ನು ಸರಿಸದೆ ಅವನು ಎಷ್ಟೋ ಹೊತ್ತು ಹಾಗೇ ಮಲಗಿರುತ್ತಿದ್ದ. ಭಾನುವಾರದ ವಿಷಯ ಭವ್ಯಶ್ರೀಗೆ ಅವನು ಹೇಳಿರಲಿಲ್ಲ. ಹಾಜಿಯವರ ಮನೆಯಲ್ಲಿ ಡೆಮೋ ಉಂಟು, ನೀವೂ ಬನ್ನಿ, ಆಯಿಷಮ್ಮ ಕರೆದಿದ್ದಾರೆ ಎಂದಷ್ಟೇ ಹೇಳಿದ್ದ.

"ಕೆಲವು ಪ್ರಶ್ನೆ ಕೇಳ್ಬೇಕು ಹಾಜಿಯವರೇ," ಎಂದ ಸುಶಾಂತ್, ಮುಖ ಒರೆಸಿಕೊಂಡು. "ಯಾವ ಮನೆಗೆ ಯಾವುದು ಸರಿ ಅಂತ ನೋಡ್ಲಿಕ್ಕೆ ಒಂದು ಪದ್ಧತಿ ಉಂಟು."

"ಕೇಳು. ಹುಡುಗಿ ನೋಡ್ಲಿಕ್ಕೆ ಹೋದಾಗಲೂ ಕೇಳ್ತಾರೆ."

"ಅಂಗಳ ಎಷ್ಟು ಅಗಲ?"

"ಎರಡು ಲ್ಯಾಂಡ್‌ಕ್ರೂಸರ್ ಅಗಲ. ನವಾಝ್ ನಿಲ್ಲಿಸಿದ್ರೆ ಒಂದೂವರೆ." ನವಾಝ್ ಅವರ ಮಗ.

"ನೆಲ ಎಂತದ್ದು, ಕಾಂಕ್ರೀಟಾ ಜಲ್ಲಿಯಾ?"

"ಕಣ್ಣು ಕಾಣುವುದಿಲ್ಲವಾ ನಿನಗೆ? ಇಂಟರ್‌ಲಾಕ್. ಅದನ್ನು ಕೆರೆದ್ರೆ ಆಯಿಷಮ್ಮ ನಿನ್ನನ್ನು ಕೆರೀತಾಳೆ."

"ಇಳಿಜಾರು ಉಂಟಾ?"

"ಇಡೀ ಕತಾರಿನಲ್ಲಿ ಇಳಿಜಾರು ಇರುವುದು ಕಾರ್ ಪಾರ್ಕಿಂಗಿನ ಬಿಲ್ಡಿಂಗಿನಲ್ಲಿ ಮಾತ್ರ."

"ಒಂದು ಸಲಕ್ಕೆ ಎಷ್ಟು ಇಂಚು ಬೀಳ್ತದೆ?"

"ಬೀಳುವುದಲ್ಲ ಮಾರಾಯ, ಬರುವುದು. ಬಾಗಿಲಿನ ಅಡಿಯಿಂದ ಬರ್ತದೆ, ಎಸಿಯ ತೂತಿನಿಂದ ಬರ್ತದೆ. ಮೊನ್ನೆ ನನ್ನ ಬಾಯಲ್ಲೇ ಇತ್ತು."

"ಒದ್ದೆಯಾ, ಪುಡಿಯಾ?"

ಹಾಜಿಯವರು ಹೊಟ್ಟೆ ಹಿಡಿದು ನಕ್ಕರು. "ಒದ್ದೆ ಮರಳು ಬೇಕಾದ್ರೆ ಸುರತ್ಕಲ್ಲಿಗೆ ಹೋಗ್ಬೇಕು. ಲೈಟ್‌ಹೌಸಿನ ಹತ್ತಿರ ಒಳ್ಳೇದು ಸಿಕ್ತದೆ. ನಿನ್ನ ಅಪ್ಪ ಅಲ್ಲೇ ಬಸ್ಸು ನಿಲ್ಲಿಸಿ ಬೀಡಿ ಸೇದ್ತಿದ್ದದ್ದು. ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಹೋಗುವ ನಮಗೆ ಟಿಕೇಟು ಕೇಳ್ಲಿಕ್ಕೆ ಅವನಿಗೇ ನಾಚಿಕೆ. ಒಳ್ಳೆ ಕಂಡಕ್ಟರ್."

"ಹಾಗಾದ್ರೆ," ಎಂದ ಸುಶಾಂತ್, ನಗದೆ, "ನಿಮ್ಮ ಮನೆಗೆ ದೊಡ್ಡದೇ ಸರಿ. ಚಿಕ್ಕದರಲ್ಲಿ ಬರೀ ರಬ್ಬರಿನ ರೆಕ್ಕೆ, ಅದು ತೆಳು ಹಿಮಕ್ಕೆ. ದೊಡ್ಡದರಲ್ಲಿ ಎದುರಿನ ಹಲ್ಲುಗಳು ಅಗೆದು ಒಳಗೆ ತರ್ತವೆ, ಹಿಂದಿನ ಚಕ್ರ ಎತ್ತಿ ಎಸೀತದೆ. ಎರಡು ಹಂತ." ಎಷ್ಟೋ ಮನೆಗಳ ಎದುರು ಹೇಳಿ ಹೇಳಿ ಆ ಮಾತುಗಳಿಗೆ ಒಂದು ರಾಗ ಬಂದುಬಿಟ್ಟಿತ್ತು. ಹೇಳುವಾಗ ಅವನಿಗೇ ಒಂದು ಕ್ಷಣ ನಂಬಿಕೆ ಬರುತ್ತಿತ್ತು.

ಮನೆಯ ಬಾಗಿಲು ತೆರೆಯಿತು. ಗ್ರೀಷ್ಮಾ ಓಡಿ ಬಂದಳು, ಮೈಮೇಲೆ ಶಾಲೆಯ ನೀಲಿ ಸ್ವೆಟರ್, ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದಳು.

"ಪಪ್ಪಾ, ಸ್ನೋ ಸ್ಟಾರ್ಟ್ ಆಯ್ತಾ?"

"ಸ್ನೋ ಅಲ್ಲ ಮಗಾ. ಮರಳು ತೆಗೆಯುವುದು."

"ಬಟ್ ಬಾಕ್ಸಲ್ಲಿ ಸ್ನೋ ಉಂಟಲ್ಲ. ಪಿಕ್ಚರಲ್ಲಿ."

"ಪಿಕ್ಚರಲ್ಲಿ ಮಾತ್ರ."

ಅವಳ ಹಿಂದೆಯೇ ಭವ್ಯಶ್ರೀ ಬಂದಳು, ಕೈಗೆ ಅಂಟಿದ ಮೈದಾಹಿಟ್ಟಿನೊಂದಿಗೆ. ಒಳಗೆ ಆಯಿಷಮ್ಮನ ಜೊತೆ ಗೋಳಿಬಜೆಗೆ ಹಿಟ್ಟು ಕಲಸುತ್ತಿದ್ದಳು. "ಎಸಿಗೆ ಚಳಿ ಅಂತ ಸ್ವೆಟರ್ ಹಾಕಿಸಿದ್ರೆ ಈ ಬೆಂಕಿಗೆ ಓಡಿ ಬಂದ್ಳು ನೋಡಿ," ಎಂದು ಮಗಳ ಸ್ವೆಟರಿನ ಗುಂಡಿಗಳನ್ನು ಮೊಣಕೈಯಿಂದ ಬಿಡಿಸಲು ನೋಡಿ, ಆಗದೆ, ಗಂಡನ ಮುಖ ನೋಡಿದಳು. "ಆಯ್ತಾ ನಿಮ್ಮದು?"

"ಈಗ ಆಗ್ತದೆ."

"ನೀರಾದ್ರೂ ಕುಡೀರಿ. ಎಂತ ಇಷ್ಟು ಮಂಡೆಬಿಸಿ ಮಾಡ್ಕೊಂಡಿದ್ದೀರಿ, ಹಾಜಿಯವರ ಮನೆ ಅಲ್ವಾ."

ಅವಳು ಮಗಳನ್ನು ಎಳೆದುಕೊಂಡು ಒಳಗೆ ಹೋದಳು. ಹಾಜಿಯವರು ಅವಳು ಹೋದ ಬಾಗಿಲನ್ನೂ, ಇವನನ್ನೂ ಒಮ್ಮೆ ನೋಡಿದರು.

ಮೊದಲು ಚಿಕ್ಕದನ್ನು ಓಡಿಸಿದ. ಒಳಗಿನಿಂದ ವೈರು ಎಳೆದು, ಸ್ವಿಚ್ಚು ಒತ್ತಿದ ಕೂಡಲೇ ಅದು ಮಿಕ್ಸಿಯಂತೆ ಕಿರುಚಿತು. ದಿಬ್ಬದ ಅಂಚಿಗೆ ತಾಗಿಸಿದಾಗ ರಬ್ಬರಿನ ರೆಕ್ಕೆಗಳು ಮರಳನ್ನು ಒಂದು ಗಜ ಮುಂದಕ್ಕೆ ಎಸೆದವು. ಗಾಳಿ ಅದರಲ್ಲಿ ಅರ್ಧವನ್ನು ವಾಪಸ್ಸು ತಂದು ಸುಶಾಂತನ ಶರಟಿನೊಳಗೆ ಹಾಕಿತು. ಸ್ವಲ್ಪ ಹೊತ್ತಿನಲ್ಲೇ ಅದರ ಹೊಟ್ಟೆಯಿಂದ ಸುಟ್ಟ ವಾಸನೆ ಬಂತು. ಅವನು ವೈರು ಕಿತ್ತ.

"ಇದು ನಿಮ್ಮ ಮನೆಗೆ ಸಾಲದು ಅಂತ ನಾನು ಮೊದಲೇ ಹೇಳಿದ್ದೆ."

"ಹೇಳಿದ್ದಿ," ಎಂದರು ಹಾಜಿಯವರು ಗಂಭೀರವಾಗಿ.

ಅವನು ದೊಡ್ಡದರ ಹತ್ತಿರ ಹೋಗಿ, ಮುಚ್ಚಳ ತೆರೆದು ಊದಿ, ಮತ್ತೆ ಹಗ್ಗ ಎಳೆದ. ಈ ಸಲ ಅದು ಎದ್ದಿತು. ಇಡೀ ಗಲ್ಲಿಗೆ ಕೇಳುವ ಹಾಗೆ ಗುಡುಗುತ್ತಾ, ನಿಂತಲ್ಲೇ ನಡುಗುತ್ತಾ, ಎದುರಿನ ಹಲ್ಲುಗಳನ್ನು ತಿರುಗಿಸತೊಡಗಿತು. ಸುಶಾಂತ್ ಓಡಿಹೋಗಿ ಫೋನನ್ನು ಕಿಟಕಿಯ ಸರಳಿಗೆ ಒರಗಿಸಿ ವಿಡಿಯೋ ಆನ್ ಮಾಡಿದ. ಓಡಿ ಬಂದು ಹಿಡಿ ಹಿಡಿದು ಯಂತ್ರವನ್ನು ದಿಬ್ಬಕ್ಕೆ ನುಗ್ಗಿಸಿದ.

ಮರಳು ಹಾರಿತು. ನಿಜವಾಗಿಯೂ ಹಾರಿತು. ಕೊಳವೆಯ ಬಾಯಿಂದ ಹೊರಟು, ಕಮಾನಿನಂತೆ ಬಾಗಿ, ಬಿಸಿಲಿಗೆ ಹೊಳೆಯುತ್ತಾ ಗೋಡೆಯ ಆಚೆಗೆ, ಬಂದ ಜಾಗಕ್ಕೇ ಹೋಗಿ ಬೀಳತೊಡಗಿತು. ಹಾಜಿಯವರು ಕುರ್ಚಿಯಿಂದ ಎದ್ದು ನಿಂತು "ಯಾ ಅಲ್ಲಾಹ್!" ಎಂದರು. ವಿಡಿಯೋದ ಆ ಕೆಂಪು ಕೆನ್ನೆಯ ಮನುಷ್ಯನ ಹಾಗೆಯೇ ಸುಶಾಂತನೂ ಬೆಟ್ಟ ಸೀಳುತ್ತಿದ್ದ. ಮುದೀರ್ ಹೇಳಿದ್ದು ಸರಿ. ತಾನು ತಲೆಯಾಡಿಸಿದ್ದೂ ಸರಿ. ಕಿಟಕಿಯ ಗಾಜಿನ ಹಿಂದೆ ಗ್ರೀಷ್ಮಾಳ ಮುಖ ಕಂಡಿತು. ಅವಳು ಎರಡೂ ಕೈಗಳಿಂದ ಗಾಜನ್ನು ಬಡಿಯುತ್ತಿದ್ದಳು, ಬಾಯಿ ಪೂರ್ತಿ ತೆರೆದಿತ್ತು. ಅವಳು ಏನೆಂದು ಕಿರುಚುತ್ತಿದ್ದಾಳೆಂದು ಅವನಿಗೆ ಕೇಳಿಸದಿದ್ದರೂ ಗೊತ್ತಿತ್ತು.

ಅವನು ಹಿಂತಿರುಗಿ ನೋಡಿದಾಗ, ಸೀಳಿಕೊಂಡು ಬಂದ ದಾರಿ ಇರಲಿಲ್ಲ. ಎರಡೂ ಪಕ್ಕದಿಂದ ಮರಳು ಜಾರಿ ಬಂದು ಅದನ್ನು ತುಂಬಿಬಿಟ್ಟಿತ್ತು. ಹಿಮ ಗೋಡೆಯಂತೆ ನಿಲ್ಲುತ್ತದೆ, ಒಣ ಮರಳು ನಿಲ್ಲುವುದಿಲ್ಲ. ಅವನು ಮತ್ತೆ ಅದೇ ದಾರಿಯಲ್ಲಿ ಯಂತ್ರ ನುಗ್ಗಿಸಿದ. ಮತ್ತೆ ತುಂಬಿತು. ಕಡಲ ತಡಿಯಲ್ಲಿ ಮಕ್ಕಳು ಗುಂಡಿ ತೋಡುವುದು, ಅಲೆ ಬಂದು ಮುಚ್ಚುವುದು, ಮತ್ತೆ ತೋಡುವುದು. ಮಕ್ಕಳಿಗಾದರೆ ಅದೇ ಆಟ.

ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಗೋಡೆಯಾಚೆ ಹೋಗುತ್ತಿದ್ದ ಕಮಾನು ಅರ್ಧದಲ್ಲೇ ಬಾಗಿ ಮನೆಯ ಕಡೆಗೆ ತಿರುಗಿ, ತಂತಿಯ ಮೇಲಿನ ಬೆಡ್‌ಶೀಟುಗಳ ಮೇಲೂ, ತೆರೆದಿದ್ದ ಅಡುಗೆಮನೆಯ ಕಿಟಕಿಯೊಳಕ್ಕೂ ಸುರಿಯಿತು. ಒಳಗಿನಿಂದ ಆಯಿಷಮ್ಮನ ಕೂಗು ಕೇಳಿತು. ಅದೇ ಕ್ಷಣ ಯಂತ್ರದ ಹಲ್ಲಿಗೆ ಕೆಡವಿದ ಮನೆಯ ಯಾವುದೋ ಕಾಂಕ್ರೀಟು ತುಂಡು ಸಿಕ್ಕಿ, ಟಣ್ಣೆಂದು ಒಂದು ಪಿನ್ನು ಮುರಿದು ಹಾರಿತು. ಎಂಜಿನ್ನು ಗುಡುಗುತ್ತಲೇ ಇತ್ತು, ಹಲ್ಲುಗಳು ಮಾತ್ರ ತಿರುಗುವುದನ್ನು ಬಿಟ್ಟವು.

ಅವನು ಅದನ್ನು ಆರಿಸಿದ. ಗಲ್ಲಿ ಪೂರ್ತಿ ನಿಶ್ಶಬ್ದವಾಯಿತು.

"ಇದೆಂತ ಮಾರಿಯನ್ನು ತಂದಿರಿ!" ಆಯಿಷಮ್ಮ ಬಾಗಿಲಿಗೆ ಬಂದು ನಿಂತಿದ್ದರು, ತಲೆಯ ಮೇಲಿನ ಬಟ್ಟೆಯಿಂದ ಮರಳು ಉದುರುತ್ತಿತ್ತು. "ಅಂಗಳದ ಮರಳು ಅಂಗಳದಲ್ಲಾದ್ರೂ ಇತ್ತು. ಈಗ ನನ್ನ ಎಣ್ಣೆ ಬಾಣಲೆಯಲ್ಲಿ ಉಂಟು! ನೀವು ಇಷ್ಟು ವಯಸ್ಸಾಗಿ ಕುರ್ಚಿ ಹಾಕ್ಕೊಂಡು ನೋಡ್ತಾ ಕೂತಿದ್ದೀರಲ್ಲ!" ಕೊನೆಯ ಮಾತು ಗಂಡನಿಗೆ.

"ನಾನು ಎದ್ದು ನಿಂತಿದ್ದೆ," ಎಂದರು ಹಾಜಿಯವರು.

"ನಾನೇ ಗುಡಿಸ್ತೇನೆ ಆಯಿಷಮ್ಮ," ಎಂದ ಸುಶಾಂತ್. "ಎಲ್ಲಾ ಗುಡಿಸಿಕೊಟ್ಟೇ ಹೋಗ್ತೇನೆ."

"ಅದೇ ಗುಡಿಸುವುದಾದ್ರೆ ಮೊದಲೇ ಗುಡಿಸಬಹುದಿತ್ತಲ್ಲ ಮಗಾ," ಎಂದರು ಅವರು, ಅವನ ಮುಖ ನೋಡಿ ದನಿ ಇಳಿಸಿ. "ಬಾ ಒಳಗೆ. ಕೈಕಾಲು ತೊಳ್ಕೋ."

ಒಳಗೆ ತಣ್ಣಗಿತ್ತು. ಭವ್ಯಶ್ರೀ ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದಳು. ಗ್ರೀಷ್ಮಾ ಟಿವಿಯ ಎದುರು ಕೂತು, ಅದನ್ನು ನೋಡದೆ, ಕಿಟಕಿಯತ್ತಲೇ ನೋಡುತ್ತಿದ್ದಳು. ಸುಶಾಂತ್ ಸೋಫಾದ ತುದಿಯಲ್ಲಿ ಕೂತ, ಅದರ ಮೇಲೂ ಮರಳು ಬೀಳಬಾರದೆಂದು ಮೈ ಬಿಗಿಹಿಡಿದುಕೊಂಡು. ಕಿಟಕಿಯ ಸರಳಿನಿಂದ ತೆಗೆದು ತಂದಿದ್ದ ಫೋನು ಕಿಣಿಕಿಣಿಯೆಂದಿತು. ಮುದೀರನ ವಾಯ್ಸ್ ಮೆಸೇಜು. ಬೆರಳಿಗೆ ಅಂಟಿದ ಮರಳಿನಿಂದ ಅದು ತಾನಾಗಿಯೇ ಓಡಿ, ಎಲ್ಲರಿಗೂ ಕೇಳಿಸಿತು. "ಸುಶಾಂತ್, ಯಲ್ಲಾ, ವೇರ್ ಈಸ್ ಮೈ ವಿಡಿಯೋ? ಸಂಡೇ, ನೋ ವಿಡಿಯೋ, ಖಲಾಸ್. ಫೈನಲ್."

ಅಡುಗೆಮನೆಯಲ್ಲಿ ಬಟ್ಟೆ ಉಜ್ಜುವ ಸದ್ದು ನಿಂತಿತು.

"ಖಲಾಸ್ ಅಂದ್ರೆ ಎಂತದ್ದು ಖಲಾಸ್?" ಎಂದರು ಹಾಜಿಯವರು.

ಸುಶಾಂತ್ ಹೇಳಿದ. ತಲೆ ತಗ್ಗಿಸಿ, ಕಾಲಿನ ಹೆಬ್ಬೆರಳನ್ನು ನೋಡುತ್ತಾ, ಎಲ್ಲವನ್ನೂ ಹೇಳಿದ. ಹೇಳುವಾಗ ಅಡುಗೆಮನೆಯ ಬಾಗಿಲಿನತ್ತ ನೋಡಲಿಲ್ಲ. ಭವ್ಯಶ್ರೀ ಅಲ್ಲಿ ಬಂದು ನಿಂತಿದ್ದಾಳೆಂದು ನೋಡದೆಯೇ ಗೊತ್ತಾಯಿತು. ಕೊನೆಗೆ, "ಹಾಜಿಯವರೇ, ಮೊದಲಿನ ಸ್ವಲ್ಪ ಭಾಗ ಚೆನ್ನಾಗಿ ಬಂದಿದೆ. ಹಾರುವುದು. ಅದರ ನಂತರ ನೀವು ಒಂದೇ ಒಂದು ಮಾತು... ಯಂತ್ರದ ಹತ್ತಿರ ನಿಂತು..." ಎಂದ.

"ಎಂತ ಮಾತು?"

"ನನ್ನ ಮನೆಗೆ ಇದು ಸರಿ ಅಂತ."

ಹಾಜಿಯವರು ಗಡ್ಡ ಸವರಿಕೊಂಡರು. ದೋಹಾದಲ್ಲಿರುವ ಕರಾವಳಿಯ ಜನರೆಲ್ಲ ಮನೆ ಹಿಡಿಯುವ ಮೊದಲು, ಕಾರು ಕೊಳ್ಳುವ ಮೊದಲು, ಹೊಸ ಕಂಪನಿಗೆ ಸೇರುವ ಮೊದಲು ಇವರನ್ನು ಒಂದು ಮಾತು ಕೇಳುತ್ತಿದ್ದರು. ಹಾಜಿಯವರು ಹೇಳಿದ್ದಾರೆ ಅಂದರೆ ಅಲ್ಲಿಗೆ ಮುಗಿಯಿತು. ಆ ಕಾರಣಕ್ಕೇ ಸುಶಾಂತ್ ಇಲ್ಲಿಗೆ ಬಂದಿದ್ದ. ಅದೇ ಕಾರಣಕ್ಕೆ ಈಗ ಅವರು ಇನ್ನೂ ಗಡ್ಡ ಸವರುತ್ತಲೇ ಇದ್ದರು.

"ಒಂದು ಯಂತ್ರ ನಾನು ತಕ್ಕೊಳ್ತೇನೆ," ಎಂದರು ಕೊನೆಗೆ. "ಎರಡು ಬೇಕಾದ್ರೂ ತಕ್ಕೊಳ್ತೇನೆ, ಮೂಲೆಯಲ್ಲಿ ಬಿದ್ದಿರ್ಲಿ. ಆ ಮಾತು ಮಾತ್ರ ನನ್ನ ಬಾಯಿಯಿಂದ ಹೇಳಿಸ್ಬೇಡ. ಅದನ್ನು ನೋಡಿ ನಾಳೆ ನಮ್ಮವನೇ ಒಬ್ಬ ತಕ್ಕೊಂಡು ಬಂದು, ಹಾಜಿಯವರೇ ಇದು ಓಡುವುದಿಲ್ಲ ಅಂ‍ದ್ರೆ ನಾನು ಎಲ್ಲಿ ಮುಖ ಇಡ್ಲಿ?"

"ಮುದೀರನಿಗೆ ಯಂತ್ರ ಮಾರಿ ಹೋಗುವುದು ಮುಖ್ಯ ಅಲ್ಲ. ವಿಡಿಯೋ."

"ಅದು ಆಗುವುದಿಲ್ಲ ಮಗಾ."

ಅವರು ಅದನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ ಸುಶಾಂತನಿಗೆ ಸಿಟ್ಟೂ ಬರಲಿಲ್ಲ. ಆಯಿಷಮ್ಮ ತಟ್ಟೆ ತಂದಿಟ್ಟರು. ಗೋಳಿಬಜೆ ಬಿಸಿಬಿಸಿಯಾಗಿತ್ತು, ಅವನು ಒಂದನ್ನು ಬಾಯಿಗಿಟ್ಟ, ಹಲ್ಲಿನಡಿ ಮರಳು ಕರಕರ ಎಂದಿತು. ನುಂಗಿದ.

ಹಾಜಿಯವರು ಫೋನು ತೆಗೆದು ಯಾರಿಗೋ ಮಾಡಿದರು. ಬ್ಯಾರಿ ಭಾಷೆಯಲ್ಲಿ ಮಾತಾಡಿದರು, ಸ್ವಲ್ಪ ಜೋರಾಗಿ, ಸ್ವಲ್ಪ ಗದರಿಸುವ ಹಾಗೆ, ಮಧ್ಯೆ ಒಮ್ಮೆ ನಕ್ಕರು. ಆಮೇಲೆ ಫೋನನ್ನು ಕಿವಿಯಿಂದ ಇಳಿಸಿ, ಅಂಗೈಯಿಂದ ಮುಚ್ಚಿ ಹಿಡಿದುಕೊಂಡರು.

"ನನ್ನ ತಂಗಿಯ ಮಗ ಅನ್ಸಾಫ್ ಉಂಟಲ್ಲ, ಅಲ್ ಮನ್ಸೂರಾದಲ್ಲಿ ಗ್ರೋಸರಿ ಇರುವವ. ಅವನ ಡೆಲಿವರಿ ವ್ಯಾನಿಗೆ ಒಬ್ಬ ಬೇಕಂತೆ. ಲೈಸೆನ್ಸು ಉಂಟಲ್ಲ ನಿನಗೆ? ವೀಸಾ ಅವನೇ ಬದಲಾಯಿಸಿಕೊಡ್ತಾನೆ. ಊಟ, ರೂಮು ಅವನದ್ದೇ."

"ರೂಮು ಅಂದ್ರೆ..."

"ಅಂಗಡಿಯ ಮೇಲೆ. ಹುಡುಗರೊಟ್ಟಿಗೆ. ಎಲ್ಲ ನಮ್ಮ ಊರಿನ ಕಡೆಯವರೇ." ಅವರು ಅಂಗೈಯನ್ನು ಫೋನಿಗೆ ಇನ್ನಷ್ಟು ಒತ್ತಿದರು. "ಆ ಸಂಬಳಕ್ಕೆ ಫ್ಯಾಮಿಲಿ ಇಟ್ಕೊಳ್ಳಿಕ್ಕೆ ಬಿಡುವುದಿಲ್ಲ, ಅದು ನಿನಗೆ ಗೊತ್ತುಂಟು. ಇವರಿಬ್ಬರನ್ನು ಸದ್ಯಕ್ಕೆ ಊರಿಗೆ ಕಳಿಸು. ನಿನ್ನ ಕೆಲಸ ಹೋಗಿ ಮೂವರೂ ಬೀದಿಗೆ ಬೀಳುವುದಕ್ಕಿಂತ ಅದು ಒಳ್ಳೇದಲ್ವಾ? ಆಮೇಲೆ ನೋಡುವ."

ಸುಶಾಂತನಿಗೆ ಉಸಿರು ಹಗುರಾಯಿತು. ಹಾಗಾದದ್ದು ಅವನಿಗೇ ಆಶ್ಚರ್ಯ, ಆಮೇಲೆ ನಾಚಿಕೆ. ಆ ಬದುಕು ಅವನಿಗೆ ಬಾಯಿಪಾಠ. ಮೇಲಿನ ಮಂಚ, ತಲೆದಿಂಬಿನ ಪಕ್ಕ ಚಾರ್ಜರು, ಬಾತ್‌ರೂಮಿಗೆ ಸಾಲು, ಶುಕ್ರವಾರ ಒಟ್ಟಿಗೆ ಮಾಡುವ ಮೀನುಸಾರು, ಯಾರ ಯಾರ ಹೆಂಡತಿಯರೋ ಪರದೆಗಳಲ್ಲಿ ಮಾತಾಡುವ ಸದ್ದು. ಅಲ್ಲಿ ಯಾರಿಗೂ ಯಾವ ಯಂತ್ರವನ್ನೂ ಮಾರಬೇಕಾಗಿಲ್ಲ. ಅಲ್ಲಿ ಸೋಲುವುದಕ್ಕೆ ಏನೂ ಉಳಿದಿರುವುದಿಲ್ಲ. ಅವನ ಮೈ ಆಗಲೇ ಆ ಮಂಚ ಹತ್ತಿ ಗೋಡೆಗೆ ಮುಖ ಮಾಡಿ ಮಲಗಿಯಾಗಿತ್ತು.

"ಸದ್ಯಕ್ಕೆ ಅಂದ್ರೆ ಎಷ್ಟು ಸಮಯ ಹಾಜಿಯವರೇ?" ಭವ್ಯಶ್ರೀಯ ದನಿ.

"ಅದು ಹೇಳ್ಲಿಕ್ಕೆ ಆಗುವುದಿಲ್ಲ ಮಗಳೇ. ಎರಡು ವರ್ಷ ಅಂತ ಇಟ್ಕೋ. ಮೂರು ಅಂತ ಇಟ್ಕೋ. ಆಯಿಷಮ್ಮನೂ ಹಾಗೇ ಕಳೆದವಳು, ಕೇಳು ಬೇಕಾದ್ರೆ."

ಆಯಿಷಮ್ಮ ತಟ್ಟೆಯನ್ನು ಎತ್ತಿಕೊಂಡು, ಅದರಲ್ಲಿ ಇನ್ನೂ ಗೋಳಿಬಜೆ ಇದ್ದರೂ, ಒಳಗೆ ಹೋದರು.

ಸುಶಾಂತ್ ಈಗ ಹೆಂಡತಿಯನ್ನು ನೋಡಿದ. ಅವಳು ಅಳುತ್ತಿರಲಿಲ್ಲ. ಅಳುತ್ತಾಳೆಂದು ಅವನು ಎಣಿಸಿದ್ದ. ಅಳುತ್ತಿದ್ದರೆ ಸಮಾಧಾನ ಮಾಡುವುದು ಅವನಿಗೆ ಗೊತ್ತಿತ್ತು, ವರ್ಷಗಟ್ಟಲೆ ಫೋನಿನಲ್ಲಿ ಮಾಡಿದ ಕೆಲಸವೇ ಅದು. ಅವಳು ಒದ್ದೆ ಬಟ್ಟೆಯನ್ನು ಹಿಡಿದುಕೊಂಡು ಅವನ ಬಾಯನ್ನೇ ನೋಡುತ್ತಾ ನಿಂತಿದ್ದಳು.

"ಅನ್ಸಾಫ್ ಲೈನಿನಲ್ಲೇ ಇದ್ದಾನೆ," ಎಂದರು ಹಾಜಿಯವರು. "ಬೇರೆಯವರೂ ಕೇಳ್ತಾ ಇದ್ದಾರಂತೆ. ಎಂತ ಹೇಳ್ಲಿ?"

ಸುಶಾಂತನ ಕತ್ತು ಅವನಿಗೆ ಗೊತ್ತಿಲ್ಲದೆಯೇ ಮುಂದಕ್ಕೆ ಬಾಗತೊಡಗಿತು.

"ಬೇಡ," ಎಂದಳು ಭವ್ಯಶ್ರೀ.

"ಮಗಳೇ, ಸ್ವಲ್ಪ ಯೋಚನೆ ಮಾಡಿ..."

"ಬೇಡ ಹಾಜಿಯವರೇ. ಬೇಡ ಅಂತ ಹೇಳಿ ಅವರಿಗೆ. ಇರುವುದಾದ್ರೆ ಮೂವರೂ ಒಟ್ಟಿಗೆ, ಹೋಗುವುದಾದ್ರೂ ಒಟ್ಟಿಗೆ."